ಜೊತೆಗೆ ಯಾರೂ ಇಲ್ಲದ ಮಗು ಬಂದಾಗ

ಯುದ್ಧದಿಂದ ಓಡಿಬಂದವರ ಶಿಬಿರಗಳಲ್ಲಿ ಒಂಟಿಯಾಗಿ ಸಿಗುವ ಮಕ್ಕಳ ಮನೆಯವರನ್ನು ಹುಡುಕುವುದು ನನ್ನ ಕೆಲಸ. ಜೊತೆಗೆ ಯಾರೂ ಇಲ್ಲ ಎಂದಮಾತ್ರಕ್ಕೆ ದಾಖಲೆಯಲ್ಲಿ ‘ಅನಾಥ’ ಎಂದು ಬರೆಯುವುದಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರೂ ಅಜ್ಜಿಯೋ ಸೋದರಮಾವನೋ ಇನ್ನೊಂದು ಶಿಬಿರದಲ್ಲಿ ಇದೇ ಮಗುವನ್ನು ಕೇಳಿಕೊಂಡು ಅಲೆಯುತ್ತಿರಬಹುದು.

ಚಿಕ್ಕ ಮಕ್ಕಳಿಗೆ ಊರಿನ ಹೆಸರು ಗೊತ್ತಿರುವುದಿಲ್ಲ. ಹಾಗಾಗಿ ನನ್ನ ಪ್ರಶ್ನೆಗಳೇ ಬೇರೆ. ಅಮ್ಮನನ್ನು ಅಜ್ಜಿ ಏನಂತ ಕರೆಯುತ್ತಿದ್ದರು? ನೀರಿಗೆ ಎಲ್ಲಿಗೆ ಹೋಗುತ್ತಿದ್ದಿರಿ? ರಾತ್ರಿ ಯಾರ ಪಕ್ಕ ಮಲಗುತ್ತಿದ್ದೆ? ಎಲ್ಲವನ್ನೂ ಒಂದೇ ದಿನ ಕೇಳಬಾರದು. ಕಾಗದ, ಬಣ್ಣ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತರೆ ಎಷ್ಟೋ ಸಲ ಮಾತು ತಾನಾಗಿ ಬರುತ್ತದೆ. ಬಂದಾಗ ತೊಟ್ಟಿದ್ದ ಬಟ್ಟೆ ಎಷ್ಟೇ ಕೊಳಕಾಗಿರಲಿ, ಎಸೆಯಲು ಬಿಡುವುದಿಲ್ಲ. ಮಾತು ಬಾರದ ಕೂಸಿಗೆ ಅದೇ ಗುರುತಿನ ಚೀಟಿ.

1994ರ ನರಮೇಧದ ಹೊತ್ತಿಗೆ ರುವಾಂಡಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಮನೆಯವರಿಂದ ಬೇರಾದರು. ಹೆಸರು ಹೇಳಲಾಗದ ಪುಟ್ಟವರ ಫೋಟೋಗಳನ್ನು ಆಗ ಶಿಬಿರಗಳಲ್ಲಿ ತೋರಿಸಿ ಮನೆಯವರನ್ನು ಹುಡುಕಿದ್ದರು. ನಾವೂ ಅದನ್ನೇ ಮಾಡುತ್ತೇವೆ, ಆದರೆ ಫೋಟೋದ ಕೆಳಗೆ ವಿವರ ಬರೆಯುವುದಿಲ್ಲ. ಬರೆದರೆ ದುಡಿಸಿಕೊಳ್ಳಲು ಮಗು ಬೇಕಾದವರೂ ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. “ನನ್ನ ತಂಗಿಯ ಮಗ” ಎಂದು ಬಂದವರನ್ನೂ ಮಗುವನ್ನೂ ಬೇರೆಬೇರೆ ಕೂರಿಸಿ, ಒಂದೇ ಪ್ರಶ್ನೆ ಕೇಳಿ ತಾಳೆ ನೋಡುತ್ತೇನೆ.

ನನ್ನ ಜಗಳವೆಲ್ಲ ದಾನಿಗಳ ಜೊತೆ. ಅವರಿಗೆ ಕಟ್ಟಡ ಬೇಕು, ಬಾಗಿಲ ಮೇಲೆ ಹೆಸರು ಬೇಕು. ಊಟ, ಓದು ಉಚಿತವಾಗಿ ಸಿಗುವ ಅನಾಥಾಲಯ ತೆರೆದರೆ ಸಾಕು, ಕೈಯಲ್ಲಿ ಕಾಸಿಲ್ಲದ ತಾಯಂದಿರು ತಾವು ಬದುಕಿದ್ದೂ ಮಕ್ಕಳನ್ನು ತಂದು ಬಿಡುತ್ತಾರೆ. ಅದೇ ದುಡ್ಡನ್ನು ಸಾಕುವ ಅಜ್ಜಿಯ ಕೈಗೆ ಕೊಡಿ ಎಂದರೆ ಉತ್ಸಾಹ ಇಳಿದುಹೋಗುತ್ತದೆ. ಕುಟುಂಬದ ಆಸರೆಗೇ ಆದ್ಯತೆ, ಒಡಹುಟ್ಟಿದವರನ್ನು ಅಗಲಿಸಬಾರದು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯೂ ಹೇಳುತ್ತದೆ. ಅದನ್ನು ಮುದ್ರಿಸಿ ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ.

ಹಾಗೆಂದು ನೆಂಟರ ಮನೆಯೆಲ್ಲ ಸುರಕ್ಷಿತವಲ್ಲ. ಅವರ ಮಕ್ಕಳು ಶಾಲೆಯಲ್ಲಿ, ಈ ಮಗು ಪಾತ್ರೆ ತೊಳೆಯುತ್ತಾ ಹಿತ್ತಲಲ್ಲಿ. ಅದಕ್ಕೇ ಹೇಳದೆ ಕೇಳದೆ ಹೋಗುತ್ತೇನೆ, ಮಗುವನ್ನು ಹೊರಗೆ ಕರೆದು ಮಾತಾಡಿಸುತ್ತೇನೆ.

ಕೊನೆಯದು ಕಾಗದಪತ್ರ. ಮರಣ ಪ್ರಮಾಣಪತ್ರ ಇಲ್ಲದಿದ್ದರೆ ಅಪ್ಪನ ಜಮೀನು ಮುಂದೆ ಮಗುವಿಗೆ ಸಿಗುವುದು ಕಷ್ಟ. ದಾಖಲೆ ಕಚೇರಿಯೇ ಸುಟ್ಟುಹೋಗಿದ್ದರೆ ಅದೇ ಊರಿನವರನ್ನು ಶಿಬಿರದಲ್ಲಿ ಹುಡುಕಿ, ಅವರು ಕಂಡದ್ದನ್ನು ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ. ಇದು ಮೊದಲ ವಾರಗಳಲ್ಲೇ ಆಗಬೇಕು, ಆಮೇಲೆ ಸಾಕ್ಷಿ ಹೇಳುವವರೂ ಚದುರಿಹೋಗುತ್ತಾರೆ.