ಜಾಹೀರಾತಿಲ್ಲದೆ ಸುದ್ದಿಯಾದ ಬಗೆ: ಸಣ್ಣ ಉದ್ಯಮದ ಡಿಜಿಟಲ್ ಪಿಆರ್, ನನ್ನ ಅನುಭವ

"ಜಾಹೀರಾತು ಕೊಡದ ಅಂಗಡಿ ಬಗ್ಗೆ ಯಾರು ಬರೀತಾರೆ?" ನಮ್ಮ ಕಸುಬಿನವರೇ ಈ ಮಾತು ಹೇಳಿದ್ದರು. ನಮ್ಮದು ವಾಷಿಂಗ್ ಮಷಿನ್, ಫ್ರಿಜ್ ರಿಪೇರಿ ಕೆಲಸ. ಎಲ್ಲ ಸೇರಿ 5 ಜನ. ಕಳೆದ 14 ತಿಂಗಳಲ್ಲಿ ಪತ್ರಿಕೆ, ನ್ಯೂಸ್ ಸೈಟ್, ರೇಡಿಯೊ, ಪಾಡ್‌ಕಾಸ್ಟ್ ಅಂತ 11 ಕಡೆ ನಮ್ಮ ಹೆಸರು ಬಂತು. ಒಂದಕ್ಕೂ ದುಡ್ಡು ಕೊಟ್ಟಿಲ್ಲ, ಏಜೆನ್ಸಿ ಇಟ್ಟುಕೊಂಡಿಲ್ಲ. ಕೆಳಗಿನ ಲೆಕ್ಕಗಳೆಲ್ಲ ನೆನಪಿನಿಂದ ಬರೆದವು, ಚೂರು ಆಚೀಚೆ ಆಗಿರಬಹುದು. ಪಿಆರ್ ಅಂದರೆ ದುಡ್ಡು ಕೊಟ್ಟು ಜಾಹೀರಾತು ಹಾಕದೆ, ಮಾಧ್ಯಮದಲ್ಲಿ ನಮ್ಮ ಸುದ್ದಿ ಬರುವಂತೆ ಮಾಡುವ ಕೆಲಸ. ಇನ್ನು ನೇರ ಕೆಲಸಕ್ಕೆ ಬರುತ್ತೇನೆ.

ಮೊದಲು ಹಣ ಹೋದ ದಾರಿ. ಪ್ರೆಸ್ ರಿಲೀಸ್ (ಪತ್ರಿಕಾ ಪ್ರಕಟಣೆ) ಹಂಚುವ ಆನ್‌ಲೈನ್ ಸೇವೆಯೊಂದಕ್ಕೆ 3 ಸಲ ಕಟ್ಟಿದೆವು. ಪ್ರತಿ ಸಲವೂ ಹೋದದ್ದು ಒಬ್ಬ ಮೆಕ್ಯಾನಿಕ್‌ನ ಅರ್ಧ ತಿಂಗಳ ಸಂಬಳದಷ್ಟು. "180 ಸೈಟ್‌ಗಳಲ್ಲಿ ಪ್ರಕಟ" ಎಂದು ವರದಿ ಬಂತು. ಒಂದೊಂದೇ ತೆರೆದು ನೋಡಿದರೆ ಎಲ್ಲ ಕಡೆ ಅದೇ ಅಕ್ಷರ, ಅದೇ ಸಾಲು. ಆ ಸೈಟುಗಳ ಮುಖಪುಟದಿಂದ ನಮ್ಮ ಪುಟಕ್ಕೆ ದಾರಿಯೇ ಇಲ್ಲ. ನಮ್ಮ ಲಿಂಕ್‌ಗಳಿಗೆ ನೋಫಾಲೋ ಗುರುತು (ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಸರ್ಚ್ ಎಂಜಿನ್‌ಗೆ ಹೇಳುವುದು) ಬಿದ್ದಿತ್ತು, ಆದ್ದರಿಂದ ಸರ್ಚ್‌ನಲ್ಲೂ ಲಾಭವಾಗಲಿಲ್ಲ. ಮೂರೂ ಸೇರಿ ಬಂದದ್ದು 40 ಚಿಲ್ಲರೆ ಕ್ಲಿಕ್. ಕರೆ ಒಂದೂ ಬರಲಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗೆ ಎಲ್ಲರಿಗೂ ಒಂದೇ ಹೊತ್ತಿಗೆ ಮಾಹಿತಿ ಮುಟ್ಟಿಸುವ ಕಟ್ಟುಪಾಡು ಇರುತ್ತದೆ, ಅವರಿಗೆ ಇಂಥ ಸೇವೆ ಬೇಕು. 5 ಜನರ ವರ್ಕ್‌ಶಾಪಿಗೆ ಬೇಡ.

ಎರಡನೆಯ ತಪ್ಪು ಇದಕ್ಕಿಂತ ದುಬಾರಿಯಾಯಿತು. ಪತ್ರಕರ್ತರ 400 ಇಮೇಲ್ ವಿಳಾಸ ಇರುವ ಪಟ್ಟಿ ಕೊಂಡು, ಒಂದೇ ದಿನ ಎಲ್ಲರಿಗೂ ಒಂದೇ ಪತ್ರ ಕಳಿಸಿದೆವು. 90ರಷ್ಟು ಬೌನ್ಸ್ ಆದವು, ಅಂದರೆ ತಲುಪದೆ ವಾಪಸ್ ಬಂದವು. ಅಷ್ಟಕ್ಕೇ ನಿಂತಿದ್ದರೆ ಸರಿ, ಮುಂದಿನ 2-3 ವಾರ ಗ್ರಾಹಕರಿಗೆ ಕಳಿಸಿದ ಬಿಲ್‌ಗಳೂ ಸ್ಪ್ಯಾಮ್‌ಗೆ ಬೀಳತೊಡಗಿದವು. ಬಿಲ್ ಕಾಣದಿದ್ದರೆ ಹಣ ಹೇಗೆ ಬರುತ್ತದೆ? ಜಿಮೇಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ನಿಯಮ ಬಿಗಿ ಮಾಡಿವೆ. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಪೂರ್ತಿ ನಿಯಮಾವಳಿ ಅನ್ವಯಿಸುತ್ತದೆ, ಆದರೆ ಸ್ಪ್ಯಾಮ್ ದೂರು ಶೇ 0.3 ದಾಟಬಾರದು ಎಂಬುದು ಸಣ್ಣವರಿಗೂ ಇದೆ. 400ಕ್ಕೆ ಶೇ 0.3 ಅಂದರೆ 1.2. ಇಬ್ಬರು "ಸ್ಪ್ಯಾಮ್" ಒತ್ತಿದರೆ ಗೆರೆ ದಾಟಿದಂತೆ.

ಸರಿಮಾಡಿದ್ದು ಹೀಗೆ. ನಮ್ಮ ಡೊಮೈನ್‌ನಲ್ಲಿ ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ) ದಾಖಲೆ ಎರಡಿದ್ದವು: ವೆಬ್ ಹೋಸ್ಟಿಂಗ್‌ನವರದು ಒಂದು, ಮೇಲ್ ಸೇವೆಯದು ಇನ್ನೊಂದು. ಎರಡಿದ್ದರೆ ಎರಡೂ ಕೆಡುತ್ತವೆ. ಎರಡನ್ನೂ ಒಂದೇ ಸಾಲಿಗೆ ಸೇರಿಸಬೇಕು, ಆ ಸಾಲಿನಲ್ಲಿ ಡಿಎನ್‌ಎಸ್ ಹುಡುಕಾಟ (ಡೊಮೈನ್‌ಗಳ ವಿಳಾಸಪಟ್ಟಿಯನ್ನು ನೋಡುವುದು) 10 ಮೀರಬಾರದು. ಡಿಕಿಮ್ ಕೀ (ಪತ್ರ ನಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿಗೆ ಬೇಕಾದದ್ದು) ಮೇಲ್ ಸೇವೆಯ ಸೆಟ್ಟಿಂಗ್‌ನಲ್ಲಿ ತಯಾರಾಗಿಯೇ ಇತ್ತು, ಯಾರೂ ಆನ್ ಮಾಡಿರಲಿಲ್ಲ. ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕು ಎಂಬ ಸೂಚನೆ) ಅನ್ನು ಮೊದಲು "ನನ್"ನಲ್ಲಿ (ಏನೂ ಮಾಡಬೇಡ) ಇಟ್ಟು 4 ವಾರ ವರದಿ ನೋಡಿ, ಆಮೇಲೆ "ಕ್ವಾರಂಟೈನ್"ಗೆ (ಸ್ಪ್ಯಾಮ್‌ಗೆ ಹಾಕು) ಏರಿಸಿದೆವು. ಮೊದಲ ದಿನವೇ ಬಿಗಿ ಮಾಡಿದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸುವ ಮೇಲ್ ತಡೆಯಾಗುವ ಅಪಾಯವಿದೆ. ಪರೀಕ್ಷೆ ಸುಲಭ: ನಿಮ್ಮದೇ ಜಿಮೇಲ್‌ಗೆ ಒಂದು ಪತ್ರ ಕಳಿಸಿ, ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ತೆರೆಯಿರಿ. ಮೂರರ ಮುಂದೆಯೂ "ಪಾಸ್" ಎಂದಿರಬೇಕು. ಇದು ಮುಗಿಯುವ ತನಕ ಯಾವ ಪತ್ರಕರ್ತರಿಗೂ ಬರೆಯಬೇಡಿ.

ಕೊಂಡ ಪಟ್ಟಿ ಅಳಿಸಿ ಸ್ವಂತ ಪಟ್ಟಿ ಕಟ್ಟಿದೆವು. ಅದರಲ್ಲಿ 38 ಹೆಸರು, ನಿಜಕ್ಕೂ ಕೆಲಸಕ್ಕೆ ಬರುವವು 12. ಗೂಗಲ್‌ನಲ್ಲಿ "ಸೈಟ್" ಆಪರೇಟರ್ ಹಾಕಿ ಒಂದೊಂದೇ ಪತ್ರಿಕೆಯೊಳಗೆ ಗೃಹೋಪಯೋಗಿ ಯಂತ್ರ, ಗ್ರಾಹಕರ ಹಕ್ಕು, ಮನೆಖರ್ಚು ಇಂಥ ಪದಗಳನ್ನು ಹುಡುಕಿ, ಕಳೆದ 6 ತಿಂಗಳಲ್ಲಿ ಬೈಲೈನ್ (ಲೇಖನದ ಜೊತೆ ಹೆಸರು) ಇದ್ದವರನ್ನಷ್ಟೇ ಸೇರಿಸಿದ್ದು. ಸ್ಪ್ರೆಡ್‌ಶೀಟ್‌ನ ಕಾಲಂಗಳು: ಹೆಸರು, ಬರೆಯುವ ವಿಷಯ, ಕೊನೆಯ ಲೇಖನದ ಲಿಂಕ್ ಮತ್ತು ದಿನಾಂಕ, ನಾವು ಬರೆದ ದಿನ, ಬಂದ ಉತ್ತರ, "ಮತ್ತೆ ಹೇಳಬಾರದ್ದು". ಕೊನೆಯ ಕಾಲಂ ತುಂಬ ಮುಖ್ಯ. ಒಬ್ಬರು "ಹೊಸ ಸೇವೆ ಶುರುವಾಯಿತು ಎಂಬುದೆಲ್ಲ ನನಗೆ ಬೇಡ" ಎಂದರೆ ಅದನ್ನು ಅಲ್ಲೇ ಬರೆದಿಡಬೇಕು. 3 ತಿಂಗಳಿಗೊಮ್ಮೆ ಪಟ್ಟಿ ತಿರುಗಿ ನೋಡುತ್ತೇವೆ. ಹೋದ ಸಲ 38ರಲ್ಲಿ 7 ಜನ ಬೇರೆ ವಿಭಾಗಕ್ಕೋ ಬೇರೆ ಪತ್ರಿಕೆಗೋ ಹೋಗಿದ್ದರು.

ಇಷ್ಟಾದರೂ ಮೊದಲ 5 ಪತ್ರಗಳಿಗೆ ಉತ್ತರ ಬರಲಿಲ್ಲ. ಪತ್ರದಲ್ಲಿ ಸುದ್ದಿಯೇ ಇರಲಿಲ್ಲ, ಇದ್ದದ್ದು ನಮ್ಮ ಹೊಗಳಿಕೆ. ಸುದ್ದಿ ಸಿಕ್ಕಿದ್ದು ನಮ್ಮ ಜಾಬ್ ರಿಜಿಸ್ಟರ್‌ನಲ್ಲಿ.

ರಿಪೇರಿಯವರೆಲ್ಲ ಕೆಲಸ ಬರೆದಿಡುತ್ತಾರೆ. ನಾವು "ಗ್ರಾಹಕರು ಹೇಳಿದ ತೊಂದರೆ" ಮತ್ತು "ನಿಜವಾದ ದೋಷ" ಎಂದು ಎರಡು ಬೇರೆ ಕಾಲಂ ಮಾಡಿದೆವು. ಎರಡಕ್ಕೂ ಡ್ರಾಪ್‌ಡೌನ್ ಕೊಡಬೇಕು, ಇಲ್ಲದಿದ್ದರೆ ಒಬ್ಬ "ಡ್ರೈನ್" ಎಂದು, ಇನ್ನೊಬ್ಬ "ನೀರು ನಿಂತಿದೆ" ಎಂದು ಬರೆದು ಎಣಿಕೆ ಕೆಡುತ್ತದೆ. 1,100ರಷ್ಟು ಕೆಲಸ ಸೇರಿದ ಮೇಲೆ ಪಿವಟ್ ಟೇಬಲ್ (ಗುಂಪು ಮಾಡಿ ಎಣಿಸುವ ಕೋಷ್ಟಕ) ಹಾಕಿ ನೋಡಿದರೆ, ಫ್ರಂಟ್ ಲೋಡ್ ಮಷಿನ್‌ನಲ್ಲಿ "ನೀರು ಹೊರಗೆ ಹೋಗುತ್ತಿಲ್ಲ" ಎಂದು ಬಂದ ಕರೆ 160 ಚಿಲ್ಲರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಷಿನ್‌ಗಳಿಗೆ ಯಾವ ಬಿಡಿಭಾಗವೂ ಬೇಕಾಗಿರಲಿಲ್ಲ. ಕೆಳಗಿನ ಚಿಕ್ಕ ಮುಚ್ಚಳದ ಹಿಂದಿರುವ ಪಂಪ್ ಫಿಲ್ಟರ್ ಕಟ್ಟಿಕೊಂಡಿತ್ತು, ಅಷ್ಟೇ. ನಾಣ್ಯ, ಹೇರ್‌ಪಿನ್, ಗುಂಡಿ, ಮಗುವಿನ ಒಂಟಿ ಸಾಕ್ಸ್, ಪ್ಲಾಸ್ಟಿಕ್ ಆಟಿಕೆಯ ಚಕ್ರ. ಇವನ್ನೆಲ್ಲ ಎಸೆಯದೆ ಒಂದು ಟ್ರೇನಲ್ಲಿ ಕೂಡಿಟ್ಟು, ಬಿಳಿ ಹಾಳೆಯ ಮೇಲೆ ಹರಡಿ, ಕಿಟಕಿ ಬೆಳಕಿನಲ್ಲಿ ಮೇಲಿನಿಂದ ಫೋಟೊ ತೆಗೆದೆವು. 11ರಲ್ಲಿ 6 ಕಡೆ ಹೋದದ್ದು ಆ ಒಂದೇ ಫೋಟೊ.

ಪತ್ರ ಹೀಗಿತ್ತು. ವಿಷಯದ ಸಾಲು: "ನೀರು ಹೋಗದ ಮಷಿನ್: ಅರ್ಧಕ್ಕೆ ರಿಪೇರಿ ಬೇಡ". ಫೋನಿನ ಪರದೆಯಲ್ಲಿ 35-40 ಅಕ್ಷರಕ್ಕಿಂತ ಹೆಚ್ಚು ಕಾಣುವುದಿಲ್ಲ, ಅಷ್ಟರೊಳಗೆ ಮಾತು ಮುಗಿಯಬೇಕು. ಒಳಗೆ: "ನಮಸ್ಕಾರ. ಮನೆ ಯಂತ್ರಗಳ ನಿರ್ವಹಣೆ ಬಗ್ಗೆ ನೀವು ಹೋದ ತಿಂಗಳು ಬರೆದದ್ದನ್ನು ಓದಿ ಈ ಪತ್ರ. ನಮ್ಮ ವರ್ಕ್‌ಶಾಪಿಗೆ ಬಂದ ಇಷ್ಟು ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರೇ 10 ನಿಮಿಷದಲ್ಲಿ ಸರಿಮಾಡಬಹುದಾದವು. ಎಣಿಕೆಯ ಶೀಟ್, ಫೋಟೊ, ಫಿಲ್ಟರ್ ಬಿಚ್ಚುವ ವಿಧಾನ ಈ ಲಿಂಕ್‌ನಲ್ಲಿವೆ. ಇವತ್ತು, ನಾಳೆ ಸಂಜೆ 7ರ ತನಕ ಫೋನಿಗೆ ಸಿಗುತ್ತೇವೆ." ಕೆಳಗೆ ಹೆಸರು, ನಂಬರ್. 100 ಪದ ಮೀರಲಿಲ್ಲ, ಅಟ್ಯಾಚ್‌ಮೆಂಟ್ ಇಲ್ಲ. ಮೊದಲ ಸಾಲನ್ನು ಪ್ರತಿಯೊಬ್ಬರಿಗೂ ಬೇರೆ ಬರೆಯಬೇಕು, ಅವರ ಲೇಖನವನ್ನು ನಿಜಕ್ಕೂ ಓದಿರಬೇಕು. ದಿನಕ್ಕೆ 4 ಪತ್ರಕ್ಕಿಂತ ಹೆಚ್ಚು ನಮ್ಮಿಂದ ಆಗುವುದಿಲ್ಲ, ಬೇಕಾಗಿಯೂ ಇಲ್ಲ.  

ಕರೆ ಬಂದಾಗ ಕೇಳುವ ಪ್ರಶ್ನೆ ಮೂರೇ: ಒಟ್ಟು ಎಷ್ಟು, ಯಾವ ಅವಧಿ, ಎಣಿಸಿದ್ದು ಯಾರು. "ಎಲ್ಲ ಮನೆಗಳಲ್ಲೂ ಹೀಗೆ" ಎನ್ನಬೇಡಿ. ನಮ್ಮ ಎಣಿಕೆ ನಮಗೆ ಫೋನ್ ಮಾಡಿದವರದು ಮಾತ್ರ, ಅದನ್ನು ನಾವೇ ಮೊದಲು ಹೇಳಿದರೆ ನಂಬಿಕೆ ಹೆಚ್ಚುತ್ತದೆ. ಶೀಟ್ ಹಂಚುವ ಮುಂಚೆ ಗ್ರಾಹಕರ ಹೆಸರು, ವಿಳಾಸ, ನಂಬರ್ ಇರುವ ಕಾಲಂ ಮರೆಮಾಡಿದರೆ ಸಾಲದು, ಹೊಸ ಫೈಲ್‌ಗೆ ಬೇಕಾದ ಅಂಕಿಗಳನ್ನಷ್ಟೇ ನಕಲಿಸಬೇಕು. ಮರೆಮಾಡಿದ ಕಾಲಂ ಎರಡು ಕ್ಲಿಕ್‌ನಲ್ಲಿ ತೆರೆದುಕೊಳ್ಳುತ್ತದೆ.

ಲಿಂಕ್‌ನ ವಿಷಯದಲ್ಲಿ ಒಂದು ಒಳ್ಳೆಯ ಅವಕಾಶ ಕೈತಪ್ಪಿತು. ಫೋಟೊ ಫೋಲ್ಡರ್‌ನ ಅನುಮತಿ "ರಿಸ್ಟ್ರಿಕ್ಟೆಡ್"ನಲ್ಲೇ ಉಳಿದಿತ್ತು. ರಾತ್ರಿ 9:40ಕ್ಕೆ ವರದಿಗಾರರೊಬ್ಬರು ಒತ್ತಿದ್ದಾರೆ, "ಆಕ್ಸೆಸ್ ಬೇಕು" ಎಂಬ ಮೇಲ್ ನಮಗೆ ಬಂದಿದೆ, ನೋಡಿದ್ದು ಬೆಳಗ್ಗೆ. ಅಷ್ಟರಲ್ಲಿ ಪುಟ ಅಚ್ಚಿಗೆ ಹೋಗಿತ್ತು, ನಮ್ಮ ಜಾಗದಲ್ಲಿ ಬೇರೆಯವರ ಮಾತು, ಬೇರೆಯವರ ಫೋಟೊ. ಅಂದಿನಿಂದ ಪ್ರತಿ ಲಿಂಕನ್ನೂ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಆಮೇಲೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿಯೇ ಕಳಿಸುವುದು.

ಫೋಲ್ಡರ್‌ನಲ್ಲಿ ಏನಿರಬೇಕು ಎಂಬುದೂ ಮುಖ್ಯ. ಉದ್ದದ ಬದಿ 3,000 ಪಿಕ್ಸೆಲ್ ಇರುವ ಜೆಪೆಗ್ 4, ಅಡ್ಡದವೂ ಉದ್ದದವೂ. ಫೋಟೊದ ಮೇಲೆ ಲೋಗೊ, ಫೋನ್ ನಂಬರ್ ಬೇಡ. ಹಾಕಿದರೆ ಯಾರೂ ಬಳಸುವುದಿಲ್ಲ. ಮಾಹಿತಿ ಪಿಡಿಎಫ್‌ನಲ್ಲಿ ಬೇಡ, ಅದರಿಂದ ನಕಲು ಮಾಡಿದರೆ ಒತ್ತಕ್ಷರ ಚೆದುರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಸಾದಾ ಡಾಕ್ಯುಮೆಂಟ್ ಇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕೇಳಿದರೆ "ಡಾಕ್ಯುಮೆಂಟ್" ಎಂದು ಕಳಿಸಿ, ಗ್ಯಾಲರಿಯಿಂದ ಕಳಿಸಿದರೆ ಕುಗ್ಗಿ ಅಚ್ಚಿಗೆ ಬಾರದಾಗುತ್ತದೆ. ನಮ್ಮ ಸೈಟಿನ ಪ್ರೆಸ್ ಪುಟಕ್ಕೆ 1200×630ರ ಓಪನ್ ಗ್ರಾಫ್ ಚಿತ್ರ (ಲಿಂಕ್ ಹಂಚಿದಾಗ ಜೊತೆಗೆ ಕಾಣುವುದು) ಹಾಕಿ, 300 ಕೆಬಿ ಒಳಗೆ ಇಟ್ಟೆವು. ಅದಕ್ಕೂ ಮೊದಲು 2 ಎಂಬಿ ಇದ್ದಾಗ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಬೋಳಾಗಿ ಕಾಣುತ್ತಿತ್ತು. ಚಿತ್ರ ಬದಲಿಸಿದ ಮೇಲೂ ಫೇಸ್‌ಬುಕ್ ಹಳೆಯದನ್ನೇ ತೋರಿಸಿದರೆ ಅದರ ಶೇರಿಂಗ್ ಡಿಬಗರ್‌ನಲ್ಲಿ ಲಿಂಕ್ ಹಾಕಿ ಮತ್ತೆ ಓದಿಸಬೇಕು.

ಫಾಲೋ ಅಪ್ ಒಂದೇ ಸಲ, 4 ದಿನ ಬಿಟ್ಟು, ಹೊಸ ಅಂಕಿಯೋ ಹೊಸ ಫೋಟೊವೋ ಇದ್ದರೆ ಮಾತ್ರ. ಮೇಲ್ ತೆರೆದರೋ ಇಲ್ಲವೋ ಎಂದು ಪತ್ತೆಹಚ್ಚುವ ಟೂಲ್‌ಗೆ 3 ತಿಂಗಳು ಹಣ ಕಟ್ಟಿದ್ದು ಪೂರ್ತಿ ನಷ್ಟ. ಆ್ಯಪಲ್ 2021ರಲ್ಲಿ ತಂದ ಮೇಲ್ ಪ್ರೈವಸಿ ಪ್ರೊಟೆಕ್ಷನ್‌ನಿಂದಾಗಿ, ಓದದಿದ್ದರೂ ಪತ್ರದ ಚಿತ್ರಗಳು ತಾವಾಗಿ ಲೋಡ್ ಆಗುತ್ತವೆ, ಟೂಲ್ "ತೆರೆದರು" ಎನ್ನುತ್ತದೆ. ಅದನ್ನು ನಂಬಿ "ಮೇಲ್ ನೋಡಿದಿರಲ್ಲ ಸರ್" ಎಂದು ಫೋನ್ ಮಾಡಿದ್ದಕ್ಕೆ ಒಂದು ಒಳ್ಳೆಯ ಸಂಪರ್ಕ ಕಡಿದುಹೋಯಿತು.

ಪತ್ರಕರ್ತರೇ ಪ್ರಶ್ನೆ ಹಾಕುವ ಸೇವೆಗಳನ್ನೂ ನೋಡಿದೆವು. ಪೀಟರ್ ಶ್ಯಾಂಕ್‌ಮನ್ 2008ರಲ್ಲಿ ಶುರುಮಾಡಿದ ಹೆಲ್ಪ್ ಎ ರಿಪೋರ್ಟರ್ ಔಟ್ ಕನೆಕ್ಟಿವ್ಲಿ ಎಂದು ಹೆಸರು ಬದಲಿಸಿ 2024ರ ಡಿಸೆಂಬರ್‌ನಲ್ಲಿ ಮುಚ್ಚಿ, 2025ರಲ್ಲಿ ಬೇರೆಯವರ ಕೈಯಲ್ಲಿ ಹಳೆಯ ಹೆಸರಲ್ಲೇ ಮತ್ತೆ ತೆರೆಯಿತು. ಇಂಥ ಕಡೆ 30ರಷ್ಟು ಉತ್ತರ ಬರೆದು 2 ಸಿಕ್ಕವು. ಮೊದಲ ಒಂದು ಗಂಟೆಯಲ್ಲಿ, ಹಾಗೇ ಬಳಸಬಹುದಾದ 3 ವಾಕ್ಯ ಕೊಟ್ಟವರಿಗೆ ಸಿಗುತ್ತದೆ. ಎಐನಿಂದ ಬರೆಸಿ ಕಳಿಸಿದ 8 ಉತ್ತರಗಳಲ್ಲಿ ಒಂದೂ ಹೋಗಲಿಲ್ಲ. ನುಣುಪಾಗಿದ್ದವು, ಆದರೆ ಕೈಗೆ ಗ್ರೀಸ್ ಹತ್ತಿದವನು ಹೇಳುವ ಒಂದು ವಿವರವೂ ಅದರಲ್ಲಿರಲಿಲ್ಲ. ಎಐಯನ್ನು ಈಗ ಅಕ್ಷರ ತಪ್ಪು ನೋಡಲು, ಉದ್ದ ಕಡಿಮೆ ಮಾಡಲು ಮಾತ್ರ ಬಳಸುತ್ತೇವೆ.

ಸುದ್ದಿ ಬಂದದ್ದು ತಿಳಿಯಲು ಗೂಗಲ್ ಅಲರ್ಟ್ಸ್ ಸಾಕು, ಪುಕ್ಕಟೆ. ಅಂಗಡಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಜನ ತಪ್ಪಾಗಿ ಬರೆಯುವ 2-3 ಕಾಗುಣಿತಕ್ಕೂ ಬೇರೆ ಬೇರೆ ಅಲರ್ಟ್ ಇಡಿ. ಇನ್‌ಸ್ಟಾಗ್ರಾಮ್, ರೇಡಿಯೊ ಇದಕ್ಕೆ ಸಿಗುವುದಿಲ್ಲ. ಪುಟ ಕಂಡ ಕೂಡಲೇ, ವೆಬ್ ಪುಟಗಳ ಪ್ರತಿ ಕಾಯ್ದಿಡುವ ವೇಬ್ಯಾಕ್ ಮಷಿನ್‌ನ "ಸೇವ್ ಪೇಜ್ ನೌ"ನಲ್ಲಿ ಉಳಿಸಿ, ಸ್ಕ್ರೀನ್‌ಶಾಟ್ ತೆಗೆಯಿರಿ. ನಮ್ಮ ಮೊದಲ ಎರಡು ಲೇಖನಗಳ ಲಿಂಕ್ ಈಗ ತೆರೆಯುವುದೇ ಇಲ್ಲ. ಇಡೀ ಲೇಖನ ಎತ್ತಿ ನಮ್ಮ ಸೈಟಿಗೆ ಹಾಕುವುದು ಕೃತಿಸ್ವಾಮ್ಯದ ತಪ್ಪು. ಎರಡು ಸಾಲು ಬರೆದು ಲಿಂಕ್ ಕೊಟ್ಟರೆ ಸಾಕು.

ಅಳತೆಯ ವಿಷಯ. ಪತ್ರಿಕೆಯವರು ಯುಟಿಎಂ ಬಾಲವನ್ನು (ಓದುಗರು ಎಲ್ಲಿಂದ ಬಂದರು ಎಂದು ತಿಳಿಯಲು ಲಿಂಕ್‌ನ ಕೊನೆಗೆ ಸೇರಿಸುವ ಗುರುತು) ಕತ್ತರಿಸಿಯೇ ಲಿಂಕ್ ಹಾಕುತ್ತಾರೆ, ಎಷ್ಟೋ ಸಲ ಲಿಂಕೇ ಇರುವುದಿಲ್ಲ. ನಾವು ನೋಡುವುದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಮ್ಮ ಹೆಸರಿಟ್ಟು ಹುಡುಕಿದವರ ಸಂಖ್ಯೆ. ಅಲ್ಲಿ 16 ತಿಂಗಳ ದತ್ತಾಂಶ ಇರುತ್ತದೆ, ಆದ್ದರಿಂದ ಹೋದ ವರ್ಷದ ಇದೇ ತಿಂಗಳಿನ ಜೊತೆ ಹೋಲಿಸಬಹುದು. ಗೂಗಲ್ ಅನಲಿಟಿಕ್ಸ್‌ನ ದತ್ತಾಂಶ ಉಳಿಸುವ ಅವಧಿ ತಾನಾಗಿ 2 ತಿಂಗಳಿಗೆ ಇರುತ್ತದೆ, ಮೊದಲ ದಿನವೇ 14ಕ್ಕೆ ಬದಲಿಸಿಕೊಳ್ಳಿ. ಇದೆಲ್ಲಕ್ಕಿಂತ ಗಟ್ಟಿಯಾದದ್ದು ಜಾಬ್ ರಿಜಿಸ್ಟರ್‌ನ "ಹೇಗೆ ತಿಳಿಯಿತು" ಕಾಲಂ; ಫೋನ್ ಎತ್ತಿದವರು ಕೇಳಿಯೇ ಬರೆಯಬೇಕು. ಅದರ ಪ್ರಕಾರ 11ರಲ್ಲಿ ಕರೆ ತಂದವು 3 ಮಾತ್ರ. ಅತ್ಯುತ್ತಮವಾದದ್ದು 10 ದಿನದಲ್ಲಿ 60ರಷ್ಟು ಕರೆ ತಂದಿತು, ಅದು ದೊಡ್ಡ ಪತ್ರಿಕೆಯಲ್ಲ, ಮನೆವಾರ್ತೆಯ ಒಂದು ಸಣ್ಣ ನ್ಯೂಸ್‌ಲೆಟರ್. ಎರಡು ಪಾಡ್‌ಕಾಸ್ಟ್‌ಗೆ ಎರಡು ಪೂರ್ತಿ ದಿನ ಕೊಟ್ಟು ಬಂದ ಗ್ರಾಹಕ ಒಬ್ಬ.

ಆ 60 ಕರೆಗೆ ನಾವು ತಯಾರಿರಲಿಲ್ಲ. ಕಾದು ಬೇಸತ್ತ ಇಬ್ಬರು ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟರು. ಅದೇ ದಿನ ಉತ್ತರ ಬರೆದೆವು: ಏನಾಯಿತು, ಯಾವ ದಿನ ಬರುತ್ತೇವೆ, ಇಷ್ಟೇ. ಒಬ್ಬರು ಆಮೇಲೆ ನಾಲ್ಕಕ್ಕೆ ಏರಿಸಿದರು. ರಿವ್ಯೂಗೆ ಉಡುಗೊರೆ, ರಿಯಾಯಿತಿ ಕೊಡುವುದು, ಖುಷಿಯಾದವರಿಗೆ ಮಾತ್ರ ರಿವ್ಯೂ ಲಿಂಕ್ ಕಳಿಸುವುದು ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ; ಎಲ್ಲರಿಗೂ ಕಳಿಸುತ್ತೇವೆ. ಈಗ ಲೇಖನ ಬರುವ ವಾರ ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಸ್ವಯಂ ಉತ್ತರ ಇಟ್ಟಿರುತ್ತೇವೆ: ಮೊದಲು ಫಿಲ್ಟರ್ ನೋಡುವ 5 ಹೆಜ್ಜೆ, ಆಮೇಲೆ ಖಾಲಿ ಇರುವ ದಿನ. ಮೂರರಲ್ಲಿ ಒಬ್ಬರು ಅದರಿಂದಲೇ ಸರಿಯಾಯಿತು ಎಂದು ಬರೆಯುತ್ತಾರೆ. ಆ ಕೆಲಸ ನಮಗೆ ಸಿಗುವುದಿಲ್ಲ, ಆದರೆ ಅವರ ಫ್ರಿಜ್ ಕೆಟ್ಟಾಗ ನಮಗೇ ಫೋನ್ ಬರುತ್ತದೆ.

ಈಗಿನ ಖರ್ಚು ಡೊಮೈನ್, ಮೇಲ್ ಸೇವೆ, ವಾರಕ್ಕೆ ಒಂದು ಸಂಜೆ. ವರ್ಷಕ್ಕೆ ಸೇರಿಸಿದರೂ ಆ ಮೂರು ರಿಲೀಸ್‌ಗಳಲ್ಲಿ ಒಂದರ ಅರ್ಧದಷ್ಟಾಗುವುದಿಲ್ಲ. ಮುಂದಿನ ಎಣಿಕೆ ಶುರುವಾಗಿದೆ: ಫ್ರಿಜ್ ತಣ್ಣಗಾಗುತ್ತಿಲ್ಲ ಎಂದು ಬಂದ ಕರೆಗಳಲ್ಲಿ ಬಾಗಿಲಿನ ಗ್ಯಾಸ್ಕೆಟ್ (ಅಂಚಿನ ರಬ್ಬರ್) ಸಡಿಲವಾದವು ಎಷ್ಟು. ಬಾಗಿಲಲ್ಲಿ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡುತ್ತೇವೆ, ಸಲೀಸಾಗಿ ಜಾರಿ ಬಂದರೆ ಸಡಿಲ ಎಂದು ಬರೆಯುತ್ತೇವೆ. ಇಲ್ಲಿಯ ತನಕ 140 ಆಗಿವೆ. 300 ದಾಟುವ ತನಕ ಆ 12 ಜನರಲ್ಲಿ ಯಾರಿಗೂ ಕಳಿಸುವುದಿಲ್ಲ.