ಕಚೇರಿಯ ದತ್ತಾಂಶವನ್ನು ಹೊರಗಿನವರ ಪ್ರಯೋಗಕ್ಕೆ ತೆರೆಯುವ ಕ್ರಮ

ವಿಜಯಪುರ ಜಿಲ್ಲೆಯ ಸರ್ಕಾರಿ ಕಚೇರಿಯೊಂದು ತನ್ನ ದತ್ತಾಂಶವನ್ನು ಸಾರ್ವಜನಿಕರ ಹೊಸ ಪ್ರಯೋಗಗಳಿಗೆ ತೆರೆಯಬೇಕೆಂದಿದ್ದರೆ, ತಂತ್ರಾಂಶ ಕೊಳ್ಳುವ ಮೊದಲು ಈ ಕೆಲಸದ ಹೊಣೆ ಹೊರುವ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕು. ಈ ಹೆಜ್ಜೆ ತಪ್ಪಿದರೆ ಉಳಿದುದೆಲ್ಲ ಟಿಪ್ಪಣಿ ಹಾಳೆಯಲ್ಲೇ ನಿಲ್ಲುತ್ತದೆ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಪ್ರಕರಣ ಸ್ವಯಂಪ್ರೇರಿತ ಪ್ರಕಟಣೆಗೆ, ಅಂದರೆ ಯಾರೂ ಕೇಳದೆಯೇ ಕಚೇರಿ ತಾನಾಗಿ ಮಾಹಿತಿ ಪ್ರಕಟಿಸುವುದಕ್ಕೆ, ಆಧಾರವಾಗುತ್ತದೆ.

ಆಲಮಟ್ಟಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವಿನಂಥ ಅಂಕಿಗಳಿಂದ ಆರಂಭಿಸುವುದು ಲೇಸು, ಏಕೆಂದರೆ ಅವುಗಳಲ್ಲಿ ಯಾರ ಖಾಸಗಿ ವಿವರವೂ ಇರುವುದಿಲ್ಲ; ಕೃಷ್ಣಾ ತೀರದ ರೈತರಿಗೂ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಅವು ಉಪಯುಕ್ತ. ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ, ಅದರಿಂದ ಲೆಕ್ಕ ಹಾಕಲಾಗದು. ಬದಲಿಗೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಕಡತ ಕೊಟ್ಟು, ಅದರಲ್ಲಿ ದಿನಾಂಕವನ್ನೂ, ಅಳತೆ ಮೀಟರೋ ಅಡಿಯೋ ಎಂಬುದನ್ನೂ ನಮೂದಿಸಬೇಕು. 2014ರ ನವೆಂಬರ್‌ಗೆ ಹಿಂದಿನ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಬಿಜಾಪುರ ಎಂದೇ ಇರುವುದರಿಂದ, ಹೆಸರಿನ ಜೊತೆಗೆ ಜಿಲ್ಲೆಯನ್ನು ಗುರುತಿಸುವ ಸಂಕೇತವನ್ನೂ (ಕೋಡ್) ಕೊಡಬೇಕು. ಮರುಬಳಕೆಯ ಷರತ್ತುಗಳನ್ನು ದತ್ತಾಂಶ ಕೊಡುವ ಪುಟದಲ್ಲೇ ಮುದ್ರಿಸಬೇಕು.