ಮೊದಲು ದಿನಾಂಕ, ಆಮೇಲೆ ವಾದ: ಸಣ್ಣ ವಕೀಲಿ ಕಚೇರಿಯ ನನ್ನ ಅನುಭವ

ಗುಮಾಸ್ತರೊಬ್ಬರ ನೆರವನ್ನು ಬಿಟ್ಟರೆ ನನ್ನ ಕಚೇರಿಯಲ್ಲಿ ನಾನೊಬ್ಬಳೇ ವಕೀಲೆ. ಚೆಕ್ ಅಮಾನ್ಯದ ಫಿರ್ಯಾದು, ಜಮೀನಿಗೆ ಸಂಬಂಧಿಸಿದ ನಿರ್ಬಂಧಕಾಜ್ಞೆಯ ದಾವೆ, ಪಾಲು ವಿಭಾಗ, ಜೀವನಾಂಶ, ವಾಹನ ಅಪಘಾತದ ಪರಿಹಾರ, ಆಗೊಮ್ಮೆ ಈಗೊಮ್ಮೆ ಜಾಮೀನು ಅರ್ಜಿ, ನನ್ನ ಮುಂದೆ ಬರುವ ಕೆಲಸದ ಬಹುಪಾಲು ಇಷ್ಟೇ. ಇವುಗಳಲ್ಲಿ ಕಾನೂನಿನ ಹೊಸ ಪ್ರಶ್ನೆ ಏಳುವುದು ವಿರಳ. ಆದರೆ ಕಕ್ಷಿದಾರರ ಮನೆ, ಹೊಲ, ಕೂಡಿಟ್ಟ ಹಣ, ಮಕ್ಕಳ ಓದು ಎಲ್ಲವೂ ಈ ಸಾಮಾನ್ಯ ಪ್ರಕರಣಗಳಲ್ಲೇ ಸಿಕ್ಕಿಕೊಂಡಿರುತ್ತವೆ. ನ್ಯಾಯಾಲಯದಲ್ಲಿ ಎಷ್ಟೇ ಚೆನ್ನಾಗಿ ವಾದಿಸಿದರೂ, ವಕಾಲತ್ತಿಗೆ ಸಹಿ ಬೀಳುವ ಮೊದಲೇ ಮೀರಿಹೋದ ದಿನಾಂಕವನ್ನಾಗಲಿ, ಓದದೆ ಬಿಟ್ಟ ಕಾಗದವನ್ನಾಗಲಿ ವಾದದಿಂದ ಸರಿಪಡಿಸುವುದು ಬಹಳ ಕಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ನನ್ನ ಕೆಲಸದ ಪದ್ಧತಿಯೆಲ್ಲ ಮೊದಲ ಭೇಟಿಯ ಸುತ್ತಲೇ ಬೆಳೆದಿದೆ.

ಕಕ್ಷಿದಾರರು ಸಾಮಾನ್ಯವಾಗಿ ತಮಗಾದ ಅನ್ಯಾಯದಿಂದಲೇ ಮಾತು ಆರಂಭಿಸುತ್ತಾರೆ, ಮತ್ತು ಅದನ್ನು ಪೂರ್ತಿಯಾಗಿ ಕೇಳುವುದು ವಕೀಲರ ಕರ್ತವ್ಯ. ಅವರ ಮಾತು ಮುಗಿದ ನಂತರ ನಾನು ಒಂದು ಹಾಳೆ ತೆಗೆದುಕೊಂಡು ಎಡಗಡೆ ದಿನಾಂಕ, ನಡುವೆ ನಡೆದ ಸಂಗತಿ, ಬಲಗಡೆ ಅದನ್ನು ತೋರಿಸುವ ದಾಖಲೆ ಎಂದು ಬರೆದುಕೊಳ್ಳುತ್ತೇನೆ. ಬಲಗಡೆ ಖಾಲಿ ಉಳಿಯುವ ಸಾಲುಗಳೇ ಮುಂದೆ ಪಾಟೀಸವಾಲಿನಲ್ಲಿ ಎದುರು ವಕೀಲರು ಹಿಡಿಯುವ ಜಾಗಗಳು ಎಂಬುದರಿಂದ, ಅವುಗಳಿಗೆ ಸಾಕ್ಷಿ ಯಾರು, ನಕಲು ಎಲ್ಲಿ ಸಿಗುತ್ತದೆ ಎಂಬುದನ್ನು ಅಂದೇ ಗುರುತು ಮಾಡುತ್ತೇನೆ. ಅದೇ ಹಾಳೆಯ ತಳದಲ್ಲಿ ಕಾಲಮಿತಿಯ ಕೊನೆಯ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೈಸಾಲದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷ, ಹಕ್ಕಿನ ಆಧಾರದ ಮೇಲೆ ಸ್ಥಿರಾಸ್ತಿಯ ಸ್ವಾಧೀನ ಕೇಳಲು ಹನ್ನೆರಡು ವರ್ಷ. ಸಾಲಗಾರ ಆ ಮೂರು ವರ್ಷ ಮುಗಿಯುವುದರೊಳಗೆ ಸಾಲವನ್ನು ಒಪ್ಪಿ ಸಹಿ ಮಾಡಿದ ಬರಹವೇನಾದರೂ ಇದ್ದರೆ ಅವಧಿ ಅಲ್ಲಿಂದ ಹೊಸದಾಗಿ ಆರಂಭವಾಗುತ್ತದೆ. ಕಕ್ಷಿದಾರರು ಮುಖ್ಯವಲ್ಲವೆಂದು ಮನೆಯಲ್ಲೇ ಬಿಟ್ಟು ಬಂದ ಚೀಟಿಗಳಲ್ಲಿ ಇಂಥ ಒಪ್ಪಿಗೆ ಸಿಕ್ಕಿದ್ದುಂಟು. ಸರ್ಕಾರದ ಮೇಲೆ ದಾವೆಯಾದರೆ ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಎರಡು ತಿಂಗಳ ನೋಟಿಸು ಬೇಕು, ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೇರವಾಗಿ ಹೋಗಬಹುದು.

ಇನ್ನೊಂದು ಕೆಲಸವನ್ನು ಕಥೆ ಕೇಳುವುದಕ್ಕೂ ಮೊದಲು ಮಾಡುತ್ತೇನೆ. ಎದುರು ಪಕ್ಷದವರ ಹೆಸರು ಕೇಳಿ, ಹಿಂದೆ ಅವರ ಪರವಾಗಿ ನಾನು ಪ್ರಕರಣ ನಡೆಸಿದ್ದೇನೆಯೇ ಅಥವಾ ಅವರಿಗೆ ಸಲಹೆ ಕೊಟ್ಟಿದ್ದೇನೆಯೇ ಎಂದು ನನ್ನ ರಿಜಿಸ್ಟರಿನಲ್ಲಿ ನೋಡುತ್ತೇನೆ. ಸಣ್ಣ ನ್ಯಾಯಾಲಯದ ಆವರಣದಲ್ಲಿ ಒಂದೇ ಕುಟುಂಬದ ಅಣ್ಣ ಮತ್ತು ತಮ್ಮ ಬೇರೆ ಬೇರೆ ದಿನ ಒಬ್ಬರೇ ವಕೀಲರ ಬಳಿ ಬರುವುದು ಅಸಹಜವಲ್ಲ, ಮತ್ತು ಒಬ್ಬರ ಗುಟ್ಟು ಕೇಳಿದ ಮೇಲೆ ಇನ್ನೊಬ್ಬರ ವಕಾಲತ್ತು ಹಿಡಿಯುವಂತಿಲ್ಲ.

ದಿನಾಂಕದ ಲೆಕ್ಕ ಅತ್ಯಂತ ಬಿಗಿಯಾಗಿರುವುದು ಚೆಕ್ ಪ್ರಕರಣಗಳಲ್ಲಿ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138 ಮತ್ತು 142ನೇ ಕಲಂಗಳು ನಾಲ್ಕು ಗಡಿಗಳನ್ನು ಹಾಕಿವೆ ಎಂದು ನಾನು ಕಕ್ಷಿದಾರರಿಗೆ ಬರೆದೇ ತೋರಿಸುತ್ತೇನೆ: ಚೆಕ್ಕನ್ನು ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು, ಹಣವಿಲ್ಲವೆಂಬ ಬ್ಯಾಂಕಿನ ಮೆಮೊ ಕೈಸೇರಿದ ಮೂವತ್ತು ದಿನಗಳೊಳಗೆ ನೋಟಿಸು ಹೊರಡಬೇಕು, ನೋಟಿಸು ತಲುಪಿದ ಮೇಲೆ ಹಣ ಕೊಡಲು ಹದಿನೈದು ದಿನ ಬಿಡಬೇಕು, ಆ ಹದಿನೈದು ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಫಿರ್ಯಾದು ಸಲ್ಲಿಸಬೇಕು. ಫಿರ್ಯಾದು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಲು 142ನೇ ಕಲಮಿನಲ್ಲಿ ಅವಕಾಶವಿದೆ; ನೋಟಿಸು ತಡವಾದರೆ ಅಂಥ ದಾರಿ ಇಲ್ಲ. ಇನ್ನು ಆತುರವೂ ಅಷ್ಟೇ ಅಪಾಯಕಾರಿ. ಹದಿನೈದು ದಿನ ತುಂಬುವ ಮುನ್ನ ಹಾಕಿದ ಫಿರ್ಯಾದನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ನೋಟಿಸು ಕಳುಹಿಸಿದ ಅಂಚೆಯ ರಸೀದಿಯನ್ನು ಮಾತ್ರವಲ್ಲ, ಅದು ತಲುಪಿದ ದಿನವನ್ನು ತೋರಿಸುವ ಅಂಚೆ ಇಲಾಖೆಯ ವಿವರವನ್ನೂ ಅಂದಂದೇ ಮುದ್ರಿಸಿ ಕಡತದಲ್ಲಿ ಇಡುತ್ತೇನೆ.

ನೋಟಿಸಿನ ಒಕ್ಕಣೆಯಲ್ಲಿ ನಾನು ಬೆದರಿಕೆಯ ಮಾತುಗಳನ್ನು ಬಳಸುವುದಿಲ್ಲ. ಚೆಕ್ಕಿನಲ್ಲಿರುವ ಮೊತ್ತವನ್ನು ಪೈಸೆಯ ವ್ಯತ್ಯಾಸವಿಲ್ಲದೆ ಕೇಳಬೇಕು. ಬಡ್ಡಿ, ಖರ್ಚು ಕೇಳುವುದಿದ್ದರೆ ಅದನ್ನು ಪ್ರತ್ಯೇಕ ವಾಕ್ಯದಲ್ಲಿ ಬೇರೆಯಾಗಿ ಹೇಳಬೇಕು. ಚೆಕ್ ಕಂಪನಿಯದ್ದಾದರೆ ಸಹಿ ಮಾಡಿದ ನಿರ್ದೇಶಕರ ಜೊತೆಗೆ ಕಂಪನಿಗೂ ನೋಟಿಸು ಹೋಗಬೇಕು, ಮತ್ತು ಕಂಪನಿಯನ್ನೇ ಆರೋಪಿಯನ್ನಾಗಿ ಮಾಡದೆ ನಿರ್ದೇಶಕರನ್ನು ಮಾತ್ರ ಕಟಕಟೆಗೆ ತರಲಾಗದು ಎಂಬುದು 2012ರ ಅನೀತಾ ಹಾಡಾ ತೀರ್ಪಿನಿಂದ ನಿಶ್ಚಿತವಾಗಿದೆ. ಫಿರ್ಯಾದು ಎಲ್ಲಿ ಸಲ್ಲಿಸಬೇಕೆಂಬ ಗೊಂದಲವನ್ನು 2015ರ ತಿದ್ದುಪಡಿ ಬಗೆಹರಿಸಿದೆ: ಹಣ ಪಡೆಯಬೇಕಾದವರು ತಮ್ಮ ಖಾತೆಯ ಮೂಲಕ ಚೆಕ್ ಹಾಕಿದ್ದರೆ, ಆ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯ.

ಕಾಗದಗಳೆಲ್ಲ ಸರಿಯಿದ್ದಾಗಲೂ ನಾನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಸಾಲ ಕೊಟ್ಟ ಹಣ ನಿಮ್ಮ ಬಳಿ ಎಲ್ಲಿಂದ ಬಂತು? ಕೆಲವರು ಇದನ್ನು ಅನುಮಾನವೆಂದು ತಿಳಿದು ನೊಂದುಕೊಳ್ಳುತ್ತಾರೆ. ಚೆಕ್ಕನ್ನು ಸಾಲ ತೀರಿಸಲೆಂದೇ ಕೊಟ್ಟದ್ದು ಎಂಬ 139ನೇ ಕಲಮಿನ ಊಹೆ ಫಿರ್ಯಾದಿಯ ಪರವಾಗಿದೆ ನಿಜ, ಮತ್ತು ಕಾನೂನುಬದ್ಧ ಸಾಲವಿತ್ತು ಎಂಬುದೂ ಆ ಊಹೆಯಲ್ಲಿ ಸೇರುತ್ತದೆ ಎಂದು 2010ರ ರಂಗಪ್ಪ ಪ್ರಕರಣ ಹೇಳಿದೆ. ಆದರೆ ಆರೋಪಿ ಫಿರ್ಯಾದಿಯ ಆರ್ಥಿಕ ಶಕ್ತಿಯನ್ನೇ ಪ್ರಶ್ನಿಸಿ, ಸಂಭವನೀಯವಾದ ಸಮರ್ಥನೆಯೊಂದನ್ನು ಎತ್ತಿದರೆ ಊಹೆ ಕುಸಿಯಬಹುದು ಎಂಬುದಕ್ಕೆ 2019ರ ಬಸಲಿಂಗಪ್ಪ ಪ್ರಕರಣ ಸಾಕ್ಷಿ. ಹಾಗಾಗಿ ಬ್ಯಾಂಕ್ ಪಾಸ್‌ಬುಕ್ಕು, ಬೆಳೆ ಮಾರಿದ ಪಟ್ಟಿ, ಆಸ್ತಿ ಮಾರಿದ ಪತ್ರ, ಹೀಗೆ ಹಣದ ಮೂಲ ತೋರಿಸುವ ಯಾವುದೇ ಕಾಗದವನ್ನು ಫಿರ್ಯಾದಿನ ಹಂತದಲ್ಲೇ ಜೋಡಿಸುತ್ತೇನೆ. ಆರೋಪಿಯ ಪರ ಪ್ರಕರಣ ನಡೆಸುವಾಗ ಇದೇ ಎಳೆಯನ್ನು ಇನ್ನೊಂದು ತುದಿಯಿಂದ ಹಿಡಿಯುತ್ತೇನೆ, ಮತ್ತು ನೋಟಿಸು ಬಂದ ಕೂಡಲೇ ಉತ್ತರ ಕೊಡಿಸುತ್ತೇನೆ. ಸುಮ್ಮನಿದ್ದು ಆಮೇಲೆ ಹೊಸ ಕಥೆ ಹೇಳಿದರೆ ನ್ಯಾಯಾಧೀಶರು ನಂಬುವುದು ಕಷ್ಟ. ಸಹಿ ಮಾಡಿ ಖಾಲಿ ಚೆಕ್ ಕೊಟ್ಟಿದ್ದೆ ಎಂಬ ಒಂದೇ ಮಾತಿನಿಂದ ಬಿಡುಗಡೆ ಸಿಗುವುದಿಲ್ಲ ಎಂದೂ ಅವರಿಗೆ ಮೊದಲೇ ತಿಳಿಸುತ್ತೇನೆ.

ಜಮೀನಿನ ಪ್ರಕರಣಗಳಲ್ಲಿ ದಿನಾಂಕಕ್ಕಿಂತ ಕಾಗದದ ಭಾರ ಹೆಚ್ಚು. ಪಹಣಿಯಲ್ಲಿ ನನ್ನ ಹೆಸರಿದೆ, ಆದ್ದರಿಂದ ಜಮೀನು ನನ್ನದು ಎಂಬ ನಂಬಿಕೆಯೊಂದಿಗೆ ಬಹಳ ಮಂದಿ ಬರುತ್ತಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪಹಣಿಯ ನಮೂದನ್ನು ಸರಿಯೆಂದು ಊಹಿಸುತ್ತದೆಯಾದರೂ ಅದು ಅಲ್ಲಗಳೆಯಬಹುದಾದ ಊಹೆ, ಮತ್ತು ಮ್ಯುಟೇಶನ್, ಅಂದರೆ ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ, ಯಾರಿಗೂ ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ. ಹೀಗಾಗಿ ಪಹಣಿಯ ಜೊತೆಗೆ ಹಕ್ಕಿನ ಮೂಲಪತ್ರ, ಆ ಹೆಸರು ಬರಲು ಕಾರಣವಾದ ಮ್ಯುಟೇಶನ್ ನಮೂದು, ಋಣಭಾರ ಪತ್ರ, ಸರ್ವೆ ನಕ್ಷೆ ಇವೆಲ್ಲ ಬರುವವರೆಗೆ ದಾವಾಪತ್ರ ಬರೆಯಲು ಕೂರುವುದಿಲ್ಲ. ಆಮೇಲೆ ಚೆಕ್ಕುಬಂದಿಯನ್ನು, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಗಳ ವಿವರವನ್ನು, ಪತ್ರದಿಂದ ಪತ್ರಕ್ಕೆ ಹೋಲಿಸುತ್ತೇನೆ. ಮೂಲಪತ್ರದಲ್ಲಿ ಪೂರ್ವಕ್ಕೆ ಓಣಿ ಎಂದಿದ್ದು ಮುಂದಿನ ಪತ್ರದಲ್ಲಿ ಪೂರ್ವಕ್ಕೆ ಬೇರೊಬ್ಬರ ಜಮೀನು ಎಂದಾಗಿದ್ದರೆ, ಆ ವ್ಯತ್ಯಾಸಕ್ಕೆ ಉತ್ತರ ಸಿಗದೆ ದಾವಾಪತ್ರದ ಷೆಡ್ಯೂಲ್ (ಆಸ್ತಿಯ ವಿವರ) ಬರೆಯುವುದರಿಂದ ಇಡೀ ದಾವೆ ಸಡಿಲವಾಗುತ್ತದೆ.

ಇಲ್ಲಿ ನಾನು ಹೆಚ್ಚು ಹೊತ್ತು ಯೋಚಿಸುವುದು ಯಾವ ಪರಿಹಾರ ಕೇಳಬೇಕೆಂಬ ಬಗ್ಗೆ. ಬರೀ ಶಾಶ್ವತ ನಿರ್ಬಂಧಕಾಜ್ಞೆಯ ದಾವೆ ಅಗ್ಗ ಮತ್ತು ಸುಲಭವೆಂದು ತೋರುತ್ತದೆ. ಆದರೆ ಎದುರು ಪಕ್ಷದವರು ಹಕ್ಕಿನ ಬಗ್ಗೆಯೇ ಗಂಭೀರವಾದ ತಕರಾರು ಎತ್ತಿರುವಾಗ ಹಕ್ಕು ಘೋಷಣೆ ಕೇಳದೆ ಬರೀ ನಿರ್ಬಂಧಕಾಜ್ಞೆ ಕೇಳುವುದು ಸಲ್ಲದು, ಸ್ವಾಧೀನ ಕೈತಪ್ಪಿದ್ದರೆ ಸ್ವಾಧೀನವನ್ನೇ ಕೇಳಬೇಕು ಎಂಬುದನ್ನು 2008ರ ಅನಾತುಲ ಸುಧಾಕರ್ ತೀರ್ಪು ವಿವರವಾಗಿ ಹೇಳಿದೆ. ಎದುರು ಪಕ್ಷದವರನ್ನು ಕೇಳದೆ ಏಕಪಕ್ಷೀಯ ಆದೇಶ ಸಿಕ್ಕಿದರೆ ಕಕ್ಷಿದಾರರಿಗೆ ಸಂತೋಷವಾಗುತ್ತದೆ. ನನ್ನ ಕೆಲಸ ಆಗಲೇ ಶುರುವಾಗುತ್ತದೆ. ದಿವಾಣಿ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 3ನೇ ನಿಯಮದಂತೆ ಅರ್ಜಿ, ಅಫಿಡವಿಟ್, ದಾವಾಪತ್ರ, ದಾಖಲೆಗಳ ಪ್ರತಿಗಳನ್ನು ತಡಮಾಡದೆ ಎದುರು ಪಕ್ಷಕ್ಕೆ ಕಳುಹಿಸಿ, ಕಳುಹಿಸಿದ್ದೇವೆಂದು ಅದೇ ದಿನ ಅಥವಾ ಮರುದಿನ ಅಫಿಡವಿಟ್ ಹಾಕಬೇಕು. ಇದನ್ನು ಕಡೆಗಣಿಸಿ ಸಿಕ್ಕ ಆದೇಶವನ್ನು ಕಳೆದುಕೊಳ್ಳುವುದು ನೋಡಲು ಬಹಳ ನೋವಿನ ಸಂಗತಿ. ಪ್ರತಿವಾದಿಯ ಪರವಾದರೆ, ದಾವೆ ಬರಬಹುದೆಂಬ ಸುಳಿವು ಸಿಕ್ಕ ದಿನವೇ ಅದೇ ಸಂಹಿತೆಯ 148ಎ ಕಲಮಿನಡಿ, ನಮ್ಮನ್ನು ಕೇಳದೆ ಆದೇಶ ಮಾಡಬಾರದೆಂಬ ಕೇವಿಯಟ್ ಹಾಕಿ, ತೊಂಬತ್ತು ದಿನದ ಅದರ ಆಯುಸ್ಸು ಮುಗಿಯುವ ದಿನವನ್ನು ಡೈರಿಯಲ್ಲಿ ಗುರುತಿಸುತ್ತೇನೆ.

ಪಾಲಿನ ದಾವೆಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ವಂಶವೃಕ್ಷವನ್ನು ಸತ್ತವರ ದಿನಾಂಕಗಳೊಂದಿಗೆ ಬರೆಯಬೇಕು, ಹೆಣ್ಣುಮಕ್ಕಳನ್ನು ಬಿಡಬಾರದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಬಂದ ಮಗಳ ಹಕ್ಕಿಗೆ ಆ ದಿನ ತಂದೆ ಜೀವಂತವಾಗಿರಬೇಕಿಲ್ಲ ಎಂದು 2020ರ ವಿನೀತಾ ಶರ್ಮಾ ತೀರ್ಪು ಹೇಳಿದ ಮೇಲೆ ನಾನು ಮೊದಲು ಕೇಳುವುದು, 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ವಿಭಾಗವಾಗಿದೆಯೇ ಎಂದು.

ಜೀವನಾಂಶದ ಅರ್ಜಿಗಳು ನನ್ನ ಮನಸ್ಸಿಗೆ ಹತ್ತಿರವಾದವು, ಏಕೆಂದರೆ ಅಲ್ಲಿ ತಡವಾದ ಪ್ರತಿ ತಿಂಗಳೂ ಯಾರದೋ ಬಾಡಿಗೆ, ಯಾರದೋ ಶಾಲೆಯ ಶುಲ್ಕ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಜಾರಿಯಾದ ಅರವತ್ತು ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ವಿಲೇ ಮಾಡಬೇಕೆಂದು ಅದರಲ್ಲಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಎರಡೂ ಪಕ್ಷದವರು ಆಸ್ತಿ ಮತ್ತು ಹೊಣೆಗಳ ಅಫಿಡವಿಟ್ ಸಲ್ಲಿಸಬೇಕು. ನನ್ನ ಕಕ್ಷಿದಾರರ ಅಫಿಡವಿಟ್ಟನ್ನು ಅರ್ಜಿಯ ಜೊತೆಗೇ ಹಾಕಿ, ಎದುರಿನವರದನ್ನು ಕೇಳಿ ಒತ್ತಾಯಿಸುತ್ತೇನೆ. ತಮ್ಮ ಆದಾಯವನ್ನು ಮುಚ್ಚಿಡಬೇಡಿ ಎಂದು ನನ್ನ ಕಕ್ಷಿದಾರರಿಗೆ ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಹೊಲಿಗೆಯಿಂದ ಬರುವ ಸಣ್ಣ ಹಣವನ್ನು ಬಚ್ಚಿಟ್ಟು ಸಿಕ್ಕಿಬಿದ್ದರೆ ನಿಜವಾದ ಕಷ್ಟವನ್ನೂ ನ್ಯಾಯಾಲಯ ನಂಬದಂತಾಗುತ್ತದೆ. ಆದೇಶ ಬಂದ ಮೇಲೆ ಹಣ ಬಾರದೆ ಹೋದರೆ, ಬಾಕಿಯ ವಸೂಲಿ ವಾರಂಟಿಗೆ ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಂದು ಕೊಟ್ಟಾರು, ನಾಳೆ ಕೊಟ್ಟಾರು ಎಂದು ಕಾಯುವ ಹೆಣ್ಣುಮಕ್ಕಳಿಗೆ ಈ ಒಂದು ವರ್ಷದ ಗಡಿಯನ್ನು ಆದೇಶದ ನಕಲಿನ ಜೊತೆಯಲ್ಲೇ ತಿಳಿಸಿಕೊಡುತ್ತೇನೆ.

ಅಪಘಾತ ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿಯನ್ನು ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 2022ರ ಏಪ್ರಿಲ್ 1ರಿಂದ ತಂದಿದೆ. ಅದರ ಬಗ್ಗೆ ವಾದಗಳು ಏನೇ ನಡೆಯುತ್ತಿರಲಿ, ನಾನು ಆರು ತಿಂಗಳೊಳಗೇ ಅರ್ಜಿ ಹಾಕುತ್ತೇನೆ. ಆದಾಯದ ದಾಖಲೆ ಮತ್ತು ವಯಸ್ಸಿನ ದಾಖಲೆ ಎರಡೂ ಇದ್ದರೆ 2009ರ ಸರ್ಲಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳ ಪ್ರಕಾರ ಮೊತ್ತವನ್ನು ಹೆಚ್ಚುಕಡಿಮೆ ಮೊದಲೇ ಲೆಕ್ಕ ಹಾಕಬಹುದು, ಮತ್ತು ರಾಜಿಯ ಮಾತು ಬಂದಾಗ ಆ ಲೆಕ್ಕವೇ ಆಸರೆ.

ರಾಜಿಯನ್ನು ನಾನು ಸೋಲೆಂದು ಎಂದೂ ಭಾವಿಸಿಲ್ಲ. ಆದರೆ ಲೋಕ ಅದಾಲತ್ತಿನ ತೀರ್ಪಿಗೆ ಡಿಕ್ರಿಯ ಬಲವಿದ್ದು ಅದರ ಮೇಲೆ ಮೇಲ್ಮನವಿ ಇಲ್ಲದಿರುವುದರಿಂದ, ರಾಜಿ ಪತ್ರದ ಪ್ರತಿ ಸಾಲನ್ನೂ ಅಮಲ್ಜಾರಿಯ, ಅಂದರೆ ಮುಂದೆ ಅದನ್ನು ಜಾರಿ ಮಾಡಿಸುವವರ, ಕಣ್ಣಿನಿಂದ ಓದುತ್ತೇನೆ. ಕಂತಿನ ದಿನ ಯಾವುದು, ಹಣ ಯಾವ ಖಾತೆಗೆ, ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಮ್ಮೆಗೇ ಕೊಡಬೇಕೇ, ಬಡ್ಡಿ ಎಷ್ಟು ಎಂಬುದೆಲ್ಲ ಅದರಲ್ಲಿ ಇರಬೇಕು.

ಈಗ ಸಾಲದ ಮಾತುಕತೆಯೂ ಬೆದರಿಕೆಯೂ ವಾಟ್ಸಾಪ್‌ನಲ್ಲೇ ನಡೆಯುವುದರಿಂದ, ಮೊಬೈಲನ್ನು ಬದಲಾಯಿಸಬೇಡಿ, ಸಂದೇಶ ಅಳಿಸಬೇಡಿ ಎಂದು ಮೊದಲ ದಿನವೇ ಹೇಳುತ್ತೇನೆ. ಮುದ್ರಿಸಿದ ಪ್ರತಿಯೊಂದಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇರಬೇಕು, ಮತ್ತು ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೂ (ಡಿಜಿಟಲ್ ದಾಖಲೆ ಬದಲಾಗಿಲ್ಲವೆಂದು ತೋರಿಸುವ ಗುರುತು) ತುಂಬಬೇಕು. ಅದಕ್ಕೆ ತಜ್ಞರ ಸಹಿಯೂ ಬೇಕಾಗುವುದರಿಂದ ಸಾಕ್ಷ್ಯದ ಮುದ್ದತು (ವಿಚಾರಣೆಯ ದಿನ) ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ.

ಒಬ್ಬರೇ ನಡೆಸುವ ಕಚೇರಿಯಲ್ಲಿ ಎರಡು ನ್ಯಾಯಾಲಯಗಳ ಕರೆ ಒಂದೇ ಹೊತ್ತಿಗೆ ಬರುವುದು ದಿನವೂ ಇದ್ದದ್ದೇ. ಮುದ್ದತುಗಳನ್ನು ಕಾಗದದ ಡೈರಿಯಲ್ಲಿ ಬರೆಯುವುದರ ಜೊತೆಗೆ ಪ್ರತಿ ಕಡತದ ಮೇಲೆ ಪ್ರಕರಣದ ಗುರುತಾದ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಬರೆದು, ಸಂಜೆ ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಮರುದಿನದ ಪಟ್ಟಿಯೊಂದಿಗೆ ತಾಳೆ ನೋಡುತ್ತೇನೆ. ಪಾಟೀಸವಾಲು ಇರುವ ದಿನ ಬೇರೆ ನ್ಯಾಯಾಲಯದ ಕೆಲಸವನ್ನು ನೋಡಿಕೊಳ್ಳಲು ಸಹೋದ್ಯೋಗಿ ವಕೀಲರೊಬ್ಬರನ್ನು ಹಿಂದಿನ ದಿನವೇ ಒಪ್ಪಿಸಿ, ಏನು ಹೇಳಬೇಕೆಂದು ಬರೆದುಕೊಡುತ್ತೇನೆ. ಶುಲ್ಕದ ಮಾತನ್ನೂ ಬರಹದಲ್ಲೇ ಮುಗಿಸುತ್ತೇನೆ: ನನ್ನ ಶುಲ್ಕ ಎಷ್ಟು, ನ್ಯಾಯಾಲಯದ ಶುಲ್ಕ ಮತ್ತು ಖರ್ಚು ಎಷ್ಟು, ಮೇಲ್ಮನವಿ ಇದರಲ್ಲಿ ಸೇರಿದೆಯೇ. ಗೆದ್ದರೆ ಇಷ್ಟು ಪಾಲು ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಉಚಿತ ನೆರವಿಗೆ ಅರ್ಹರಾದವರು, ಅಂದರೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಮೊದಲಾದವರು ಬಂದಾಗ, ಶುಲ್ಕದ ಮಾತಿಗೂ ಮೊದಲು ಕಾನೂನು ಸೇವಾ ಸಮಿತಿಯ ದಾರಿ ಇದೆ ಎಂದು ತಿಳಿಸುತ್ತೇನೆ.

ತೀರ್ಪು ಬಂದ ದಿನ, ಗೆದ್ದಿರಲಿ ಸೋತಿರಲಿ, ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕುತ್ತೇನೆ. ದಿವಾಣಿ ಪ್ರಕರಣದಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಯಾದರೆ ಮೂವತ್ತು ದಿನ, ಹೈಕೋರ್ಟಿಗಾದರೆ ತೊಂಬತ್ತು ದಿನ. ನಕಲು ಪಡೆಯಲು ತಗುಲಿದ ಕಾಲವನ್ನು ಲೆಕ್ಕದಿಂದ ಬಿಡಲಾಗುತ್ತದೆಯಾದರೂ ಅರ್ಜಿಯನ್ನೇ ಹಾಕದಿದ್ದರೆ ಬಿಡಲು ಯಾವ ಕಾಲವೂ ಇರುವುದಿಲ್ಲ. ಡಿಕ್ರಿಯ ಅಮಲ್ಜಾರಿಗೆ ಸಾಮಾನ್ಯವಾಗಿ ಹನ್ನೆರಡು ವರ್ಷ, ಇಂಥ ಕೆಲಸ ಮಾಡಲೇಬೇಕೆಂಬ ಕಡ್ಡಾಯ ನಿರ್ಬಂಧಕಾಜ್ಞೆಯಾದರೆ ಮೂರೇ ವರ್ಷ ಎಂಬುದನ್ನು ಒಂದು ಪತ್ರದಲ್ಲಿ ಬರೆದು, ಕಕ್ಷಿದಾರರ ಮೂಲಪತ್ರಗಳೆಲ್ಲದರ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ, ಪತ್ರಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟು ಸಹಿ ಪಡೆಯುತ್ತೇನೆ. ಶುಲ್ಕ ಬಾಕಿ ಇದ್ದರೂ ಹೀಗೆಯೇ ಕೊಡುತ್ತೇನೆ, ಏಕೆಂದರೆ ಬಾಕಿ ಶುಲ್ಕಕ್ಕಾಗಿ ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ.